ಬೇಕಂತ ಒದ್ದಿ ಮಾಡ್ಕೊಳ್ಳಾಕತ್ತಿಲ್ಲ, ತಡಕೊಂಡು ತಡಕೊಂಡು ಸೋತಾಳ

ಪ್ರಶ್ನೆ: ನಮಸ್ಕಾರ ಡಾಕ್ಟರ್ರ. ನಾವು ಗದಗ-ಬೆಟಗೇರಿಯವರು. ಮಗಳಿಗೆ 7 ವರ್ಷ, ಎರಡನೇತ್ತಾ ಕಲೀತಾಳ. ಒಂದು ವರ್ಷ ಆತು, ಸಾಲಿಯಿಂದ ಬರೂದ್ರಾಗ ಚಡ್ಡಿ ಒದ್ದಿ ಆಗಿರ್ತೈತಿ. ಮನ್ಯಾಗೂ ಆಟದಾಗ ಇದ್ರ ಕಡೀ ಘಳಿಗಿತನಾ ಹೋಗಂಗಿಲ್ಲ, ಒಮ್ಮಿಂದೊಮ್ಮೆಲೆ ಹಿಮ್ಮಡಿ ಮ್ಯಾಲೆ ಕುಂತುಬಿಡ್ತಾಳ, ಆಮ್ಯಾಲೆ ಎದ್ದು ಓಡ್ತಾಳ, ಅಷ್ಟ್ರಾಗ ಸ್ವಲ್ಪ ಆಗೇ ಬಿಟ್ಟಿರ್ತೈತಿ. ವಾರದಾಗ ಎರಡು-ಮೂರು ರಾತ್ರಿ ಹಾಸಿಗ್ಯಾಗೂ ಆಗ್ತೈತಿ. ಈ ವರ್ಷ ಎರಡು ಸಲ ಉರಿಮೂತ್ರ ಅಂತ ಆಂಟಿಬಯೋಟಿಕ್ ಕೊಟ್ರು, ಕಡಿಮಿ ಆತು, ಮತ್ತ ಬಂತು. ಜ್ವರ ಬಂದಿಲ್ಲ. ಸಂಡಾಸಕ್ಕ ಮೂರು-ನಾಕು ದಿನಕ್ಕೊಮ್ಮೆ ಹೋಗ್ತಾಳ, ಅದು ಮೊದಲಿಂದ ಹಂಗ. ನೀರಿನ ಬಾಟ್ಲಿ ತುಂಬಿದ್ದು ತುಂಬಿದಂಗ ವಾಪಸ್ ತರ್ತಾಳ. ಟೀಚರ್ ಬೈತಾರ, ಅತ್ತಿಯವರು ಚುಟಿಗಿ (ಕಾಸಿದ ಬರಿ) ಹಾಕಸೂಣು ಅಂತಾರ, ನಾನೂ ಸಿಟ್ಟಿನ್ಯಾಗ ಎರಡು ಸಲ ಹೊಡದೇನಿ. ಕಿಡ್ನಿ ಏನರ ಕೆಟ್ಟೈತೇನ್ರಿ? ಮುಂದಿನ ತಿಂಗಳು ಸಾಲಿಯವರು ಬಾದಾಮಿ-ಪಟ್ಟದಕಲ್ಲಿಗೆ ಟ್ರಿಪ್ ಹೊಂಟಾರ, ಕಳಸಲ್ಯೋ ಬ್ಯಾಡೋ ಅದೂ ತಿಳೀವಲ್ದು.

ಉತ್ತರ: ನಿಮ್ಮ ಪತ್ರ ಎರಡು ಸಲ ಓದಿದೆ ತಾಯಿ. ನೀವು ಹೆದರಿ ಕೇಳಿದ್ದು ಕಿಡ್ನಿ ಬಗ್ಗೆ, ಆದ್ರ ನನ್ನ ಕಣ್ಣು ನಿಂತದ್ದು ನೀವು ಹಂಗ ಹೇಳಿಹೋದ ಮೂರು ಮಾತಿನ ಮ್ಯಾಲೆ. ಬಾಟ್ಲಿ ತುಂಬಿದ್ದು ತುಂಬಿದಂಗ ಬರ್ತೈತಿ, ಹಿಮ್ಮಡಿ ಮ್ಯಾಲೆ ಕುಂದರ್ತಾಳ, ಸಂಡಾಸ ಮೂರು-ನಾಕು ದಿನಕ್ಕೊಮ್ಮೆ. ಈ ಮೂರೂ ಸೇರಿ ಒಂದ ಕಥಿ ಹೇಳ್ತಾವು. ನಿಮ್ಮ ಮಗಳು ಮೈಗಳ್ಳತನಕ್ಕ ಚಡ್ಡಿ ಒದ್ದಿ ಮಾಡ್ಕೊಳ್ಳಾಕತ್ತಿಲ್ಲ, ಅಕಿ ಇಡೀ ದಿನ ಉಚ್ಚಿ ತಡಕೊಳ್ಳಾಕತ್ತಾಳ, ಏಳು ವರ್ಷದ ಮೈಯಿಂದ ಎಷ್ಟು ತಡಕೊಳ್ಳಾಕ ಆಗ್ತೈತೋ ಅದಕ್ಕಿಂತ ಜಾಸ್ತಿನ ತಡಕೋತಾಳ, ಕಡೀಕ ಸೋತು ಸ್ವಲ್ಪ ಬಿಡ್ತಾಳ. ನಾವು ನೋಡೂದು ಆ ಸೋತ ಘಳಿಗಿ ಒಂದ, ಬೈಯೂದೂ ಅದಕ್ಕ. ಹುಬ್ಬಳ್ಯಾಗ ಮಕ್ಕಳ ಡಾಕ್ಟರ್ ಆಗಿ ಇಷ್ಟು ವರ್ಷದಾಗ ಇಂಥಾ ಮಕ್ಕಳನ್ನ ಬಹಳ ನೋಡೇನಿ, ಬಂದ ತಾಯಂದಿರು ಎಲ್ಲಾರೂ ಮೊದಲು ಹೇಳೂದು "ಬಹಳ ಹಟಮಾರಿ ಐತಿ ಡಾಕ್ಟರ್ರ" ಅಂತನ. ಹಟ ಅಲ್ರಿ ಅದು.

ಮೊದಲು ಉಚ್ಚಿ ತುಂಬೋ ಚೀಲ ಹೆಂಗ ಕೆಲಸ ಮಾಡ್ತೈತಿ ಅನ್ನೂದು ಹೇಳ್ತೀನಿ, ಅದು ತಿಳದ್ರ ಮುಂದಿನದೆಲ್ಲಾ ನಿಮಗ ತಾನ ಹೊಳೀತೈತಿ. ಮಕ್ಕಳ ಮೂತ್ರಚೀಲ ಎಷ್ಟು ಹಿಡೀಬೇಕು ಅನ್ನೂದಕ್ಕ ನಾವು ಒಂದು ಸೀದಾ ಲೆಕ್ಕ ಹಾಕ್ತೀವಿ, ವಯಸ್ಸಿಗೆ 1 ಕೂಡ್ಸಿ 30ರಿಂದ ಗುಣಸೂದು. ನಿಮ್ಮ ಮಗಳಿಗೆ 7 ಅಂದ್ರ 240 ಮಿಲಿ, ಲಗ್ನದ ಊಟದಾಗ ಎಲಿ ಮುಂದ ಇಡ್ತಾರಲ್ಲ 250 ಮಿಲಿ ಸಣ್ಣ ನೀರಿನ ಬಾಟ್ಲಿ, ಹತ್ತಹತ್ರ ಅಷ್ಟ. ಐದು ವರ್ಷದ ಮ್ಯಾಲಿನ ಮಕ್ಕಳು ದಿನಕ್ಕ 4ರಿಂದ 7 ಸಲ ಒಂದಕ್ಕ ಹೋಗೂದು ಸರಿಯಾದದ್ದು, 3 ಸಲ ಇಲ್ಲಾ ಅದಕ್ಕಿಂತ ಕಡಿಮಿ ಹೋದ್ರ ಕೂಸು ತಡಕೊಳ್ಳಾಕತ್ತೈತಿ ಅಂತ ತಿಳೀಬೇಕು.

ಚೀಲದ ಗೋಡಿ ಅಂದ್ರ ಒಂದು ಪಂಪು ಅಂತ ತಿಳ್ಕೊಳ್ರಿ, ಕೆಳಗಿನ ಬಾಯಿಗೆ ಒಂದು ವಾಲ್ವು. ನೀರು ಬಿಡೋ ವಾಲ್‌ಮನ್ ನಿಮ್ಮ ಓಣಿಗೂ ಬರ್ತಾನ, ನಮ್ಮ ಓಣಿಗೂ ಬರ್ತಾನ, ಅದಕ್ಕ ಈ ಹೋಲಿಕಿ ಎಲ್ಲಾರಿಗೂ ತಿಳೀತೈತಿ. ಚೀಲ ತುಂಬೂವಾಗ ಪಂಪು ಸುಮ್ನ ಇರಬೇಕು, ವಾಲ್ವು ಬಂದ್ ಇರಬೇಕು. ಬಿಡೂವಾಗ ಮೊದಲು ವಾಲ್ವು ಸಡಲ ಆಗಬೇಕು, ಆಮ್ಯಾಲೆ ಪಂಪು ಒತ್ತಬೇಕು. ತಡಕೊಳ್ಳೋ ಮಕ್ಕಳು ಏನ್ ಮಾಡ್ತಾವಂದ್ರ ಪಂಪು ಚಾಲೂ ಆದ ಮ್ಯಾಲೂ ವಾಲ್ವು ಜೀವ ಬಿಟ್ಟು ಬಿಗಿ ಹಿಡೀತಾವು. ಹೊಲದಾಗ ಬೋರಿನ ಮೋಟರ್ ಚಾಲೂ ಇಟ್ಟು ವಾಲ್ವು ಬಂದ್ ಮಾಡಿದ್ರ ಏನಾಗ್ತೈತಿ ರೈತರ ಮನ್ಯಾಗ ಎಲ್ಲಾರಿಗೂ ಗೊತ್ತು, ಎಲ್ಲಿ ಸಡಲ ಐತಿ ಅಲ್ಲಿ ಚಿರ್ ಅಂತ ಸೋರ್ತೈತಿ. ಇದು ತಿಂಗಳುಗಟ್ಲೆ ನಡದ್ರ ಚೀಲದ ಗೋಡಿ ದಪ್ಪ ಆಗ್ತೈತಿ, ಕೆರಳಿ ಯಾವಾಗಂದ್ರ ಆವಾಗ ಒತ್ತಾಕ ಸುರು ಮಾಡ್ತೈತಿ, ಅದಕ್ಕ ಅಕಿಗೆ "ಬಂತು" ಅನ್ನಿಸಿದ್ದು ಮತ್ತ ಚಡ್ಡಿಗೆ ಬಿದ್ದದ್ದು ಎರಡರ ನಡುವ ನಿಮಿಷನೂ ಇರಂಗಿಲ್ಲ. ಇನ್ನೊಂದು ಐತಿ, ಇದು ಮನ್ಯಾಗ ಯಾರಿಗೂ ಕಾಣಂಗಿಲ್ಲ. ದಿನಾ ವಾಲ್ವು ಬಿಗಿ ಹಿಡಿದು ಹಿಡಿದು, ಬಚ್ಚಲದಾಗ ಕುಂತ ಮ್ಯಾಲೂ ಅದು ಪೂರಾ ಸಡಲ ಆಗೂದನ್ನ ಮರೀತೈತಿ. ಸ್ವಲ್ಪ ಬಿಡ್ತಾಳ, ನಿಲ್ತೈತಿ, ಮತ್ತ ಸ್ವಲ್ಪ ಬಿಡ್ತಾಳ, ಎದ್ದು ಓಡ್ತಾಳ, ಚೀಲದಾಗ ಇನ್ನೂ ಉಳದಿರ್ತೈತಿ. ಸಂಪಿನ ತಳದಾಗ ನಿಂತ ನೀರು ಹೆಂಗ ಪಾಚಿ ಕಟ್ತೈತೋ ಹಂಗ ಆ ಉಳದ ಉಚ್ಚ್ಯಾಗ ಕ್ರಿಮಿ ಬೆಳೀತಾವು. ನಿಮ್ಮ ಮಗಳಿಗೆ ಉರಿಮೂತ್ರ ಹೊಳ್ಳಿ ಹೊಳ್ಳಿ ಬರೂದು ಇದರಿಂದನ ಇರಬೇಕು.

ಹಿಮ್ಮಡಿ ಮ್ಯಾಲೆ ಕುಂದರೂದು ಅಂದ್ರಲ್ಲ, ಅದು ಆಟ ಅಲ್ಲ. ಚೀಲ ಒತ್ತಿದಾಗ ಹಿಮ್ಮಡಿಯಿಂದ ಕೆಳಗಿನ ಬಾಯಿ ಒತ್ತಿ ಹಿಡದು ತಡೀತಾಳ. 1966ರಾಗನ ವಿನ್ಸೆಂಟ್ ಅನ್ನೋ ಡಾಕ್ಟರು ಇದನ್ನ ಗುರುತಿಸಿ ಬರದಾರ, ಇವತ್ತಿಗೂ ಅದು ಅವರ ಹೆಸರಿಲೇನ ನಮ್ಮ ಪುಸ್ತಕದಾಗ ಐತಿ. ಯಾರೂ ಕಲಿಸದ ಎಲ್ಲಾ ದೇಶದ ಹುಡುಗ್ಯಾರೂ ಹಿಂಗ ಕುಂದರ್ತಾವು. ಮುಂದ ಅಕಿ ಹಂಗ ಕುಂತಾಗ "ಏಳು, ಏನ್ ಕುಂತಿ" ಅಂತ ಎಬ್ಬಿಸಬ್ಯಾಡ್ರಿ, ಅರ್ಧ ನಿಮಿಷ ಬಿಡ್ರಿ, ಒತ್ತಡ ಇಳೀತೈತಿ, ಆಮ್ಯಾಲೆ ಕೈ ಹಿಡದು ಕರಕೊಂಡು ಹೋಗ್ರಿ. ಆ ಹೊತ್ತಿನ್ಯಾಗ ಎಬ್ಬಿಸಿ ಓಡಿಸಿದ್ರ ಆಗೇ ಬಿಡ್ತೈತಿ.

ಈಗ ಯಾಕ ತಡಕೋತಾಳ ಅನ್ನೂದಕ್ಕ ಬರೂಣು. ಬೆಳಿಗ್ಗೆ 8ಕ್ಕ ಮನ್ಯಾಗ ಒಂದಕ್ಕ ಹೋದಾಕಿ ಸಂಜಿ 4:30ಕ್ಕ ಮನಿಗೆ ಬರೂತನಾ ಒಂದಕ್ಕ ಹೋಗಂಗಿಲ್ಲ ಅಂದ್ರ ಎಂಟೂವರಿ ತಾಸು ಆತು. ಸಾಲಿ ಸಂಡಾಸದ ಬಗ್ಗೆ ಅಕಿನ್ನ ಕೇಳೀರೇನು? "ಯಾಕ ಒದ್ದಿ ಮಾಡ್ಕೊಂಡಿ" ಅಂತ ಅಲ್ಲ, "ನಿಮ್ಮ ಸಾಲ್ಯಾಗ ಸಂಡಾಸ ಹೆಂಗ ಐತಿ, ಚಿಲಕ ಐತೇನು, ನೀರು ಬರ್ತೈತೇನು, ಯಾರ ಜೋಡಿ ಹೋಗ್ತಿ" ಅಂತ, ಮಲಗೂವಾಗ ಸಾವಕಾಶ ಕೇಳ್ರಿ. ಧಾರವಾಡ ಕಡೆದೊಂದು ಹುಡುಗಿ ನನ್ನ ಕಡೆ ನಾಕು ಸಲ ಬಂದಿತ್ತು, ಪ್ರತಿ ಸಲ ಸುಮ್ನ ನೆಲಾ ನೋಡ್ತಿತ್ತು, ಐದನೇ ಸಲ ನನ್ನ ಕಿವ್ಯಾಗ ಹೇಳ್ತು, ಒಳಗ ಹಲ್ಲಿ ಐತಿ, ಬಾಗಲಾ ಹಾಕಾಕ ಬರಂಗಿಲ್ಲ, ಗೆಳತಿ ಹೊರಗ ನಿಂತು ಬಾಗಲಾ ಹಿಡೀತಿದ್ಲು, ಅಕಿ ಈಗ ಬ್ಯಾರೆ ಸಾಲಿಗೆ ಹೋದ್ಲು ಅಂತ. ಗೆಳತಿ ಹೋದ ತಿಂಗಳಿಂದನ ಆ ಹುಡುಗಿ ಚಡ್ಡಿ ಒದ್ದಿ ಆಗಾಕತ್ತಿತ್ತು. ನಾಕು ಸಲ ಪರೀಕ್ಷಾ ಬರಕೊಟ್ಟವನು ನಾ, ಒಂದು ಸಲನೂ ಬಾಗಲದ ಚಿಲಕದ ಬಗ್ಗೆ ಕೇಳಿರಲಿಲ್ಲ. ಅವತ್ತಿಂದ ಎಲ್ಲಾ ಮಕ್ಕಳಿಗೂ ಮೊದಲು ಅದನ್ನ ಕೇಳ್ತೀನಿ.

ಮತ್ತ ಆ ತುಂಬಿದ ಬಾಟ್ಲಿ. ಮಕ್ಕಳು ಶಾಣ್ಯಾ ಇರ್ತಾವ್ರಿ, ನೀರು ಕುಡದ್ರ ಉಚ್ಚಿ ಬರ್ತೈತಿ ಅಂತ ತಾವ ಲೆಕ್ಕ ಹಾಕಿ ಕುಡಿಯೂದು ಬಿಡ್ತಾವು. ಇದರಿಂದ ಎರಡು ಕೆಡಕು ಆಗ್ತಾವು. ಉಚ್ಚಿ ಗಟ್ಟಿ ಹಳದಿ ಆಗಿ ಚೀಲಕ್ಕ ಉರಿ ಕೊಡ್ತೈತಿ, ಸಂಡಾಸ ಕಲ್ಲಿನಂಗ ಆಗ್ತೈತಿ. ನಮ್ಮ ಕಡೆ ಮಾರ್ಚಿಂದ ಮೇ ತನಾ ಬಿಸಲು ಹೆಂಗ ಇರ್ತೈತಿ ನಿಮಗ ಗೊತ್ತು, ಇದ್ದ ನೀರು ಬೆವರಾಗಿ ಹೋಗ್ತೈತಿ. ಕೇರಳದ ಸಾಲಿಗಳೊಳಗ 2019ರಾಗ ವಾಟರ್ ಬೆಲ್ ಅಂತ ಸುರು ಮಾಡಿದ್ರು, ಗಂಟಿ ಹೊಡದಾಗ ಎಲ್ಲಾ ಮಕ್ಕಳು ನೀರು ಕುಡೀಬೇಕು, ಆಮ್ಯಾಲೆ ಆ ವಿಚಾರ ನಮ್ಮ ಕಡೆನೂ ಬಂತು. ಒಳ್ಳೇದ, ಆದ್ರ ನೀರಿನ ಗಂಟಿ ಹೊಡದ ಸಾಲ್ಯಾಗ ಸಂಡಾಸದ ಬಾಗಲಕ್ಕ ಚಿಲಕ ಇರಬೇಕು, ಬಕೀಟಿನ್ಯಾಗ ನೀರಿರಬೇಕು. ಇಲ್ಲಂದ್ರ ಕುಡದ ನೀರು ಮಕ್ಕಳಿಗೆ ಶಿಕ್ಷಾ ಆಗ್ತೈತಿ.

ಈಗ ಸಂಡಾಸದ ಮಾತು. ನೀವು "ಅದು ಮೊದಲಿಂದ ಹಂಗ" ಅಂತ ಬರದೀರಿ, ನನಗ ಎಲ್ಲಕ್ಕಿಂತ ಮುಖ್ಯ ಅನ್ನಿಸಿದ್ದು ಅದ. ಮೂತ್ರಚೀಲದ ಬೆನ್ನಿಗೆ ಹತ್ತಿ ದೊಡ್ಡ ಕರುಳಿನ ಕಡೀ ಭಾಗ ಇರ್ತೈತಿ, ಎರಡಕ್ಕೂ ಇರೋದು ಒಂದ ಜಾಗಾ. ಅಲ್ಲಿ ನಾಕು ದಿನದ ಮಲ ಗಟ್ಟಿಯಾಗಿ ಕುಂತ್ರ ಚೀಲಕ್ಕ ತುಂಬಾಕ ಜಾಗಾ ಎಲ್ಲಿ? ಒತ್ತಡಕ್ಕ ಚೀಲ ಅರ್ಧ ತುಂಬಿದ ಕೂಡ್ಲೆ ಹೊರಗ ಹಾಕಾಕ ನೋಡ್ತೈತಿ, ಬಿಡೂವಾಗ ಪೂರಾ ಖಾಲಿನೂ ಆಗಂಗಿಲ್ಲ. ಅಮೇರಿಕಾದ ಅಯೋವಾದಾಗ ವೇರಾ ಲೋನಿಂಗ್-ಬೌಕೆ ಅನ್ನೋ ಮಕ್ಕಳ ವೈದ್ಯೆ 1997ರಾಗ ಬರದದ್ದು ನಾವೆಲ್ಲಾ ಓದೀವಿ, ಅವರು ಮಲಕಟ್ಟು ಇದ್ದ 234 ಮಕ್ಕಳನ್ನ ನೋಡಿದ್ರು, ಅದರಾಗ ಹಗಲು ಒದ್ದಿ ಮಾಡ್ಕೋತಿದ್ದವರಿಗೆ ಬರೇ ಮಲಕಟ್ಟಿನ ಔಷಧ ಸರಿಯಾಗಿ ಕೊಟ್ರು, ಮಲಕಟ್ಟು ವಾಸಿಯಾದವರೊಳಗ 89% ಮಕ್ಕಳಿಗೆ ಹಗಲಿಂದು ನಿಂತಿತು, ರಾತ್ರಿದು 63% ಮಕ್ಕಳಿಗೆ ನಿಂತಿತು. ಚೀಲಕ್ಕ ಒಂದು ಗುಳಗಿನೂ ಕೊಡದ. ಅದಕ್ಕ ನಾ ಎಂದೂ ಚೀಲದ ಔಷಧದಿಂದ ಸುರು ಮಾಡಂಗಿಲ್ಲ, ಹೊಟ್ಟಿಯಿಂದ ಸುರು ಮಾಡ್ತೀನಿ.

"ಜ್ವಾಳದ ರೊಟ್ಟಿ ತಿನ್ನೋ ಮನಿ, ನಮಗೆಲ್ಲಿ ಮಲಕಟ್ಟು" ಅಂತಾರ ಅಜ್ಜಿಯಂದಿರು. ಹೌದು, ದೊಡ್ಡವರು ತಿಂತಾರ. ಕೂಸು ಏನ್ ತಿಂತೈತಿ ಒಂದು ದಿನ ಬರದಿಡ್ರಿ. ಬೆಳಿಗ್ಗೆ ಚಾದಾಗ ಅದ್ದಿದ ಬಿಸ್ಕೀಟು, ಡಬ್ಬ್ಯಾಗ ನೂಡಲ್ಸ್, ಸಂಜಿಮುಂದ ಕುರಕುರಿ ಪಾಕೀಟು, ರಾತ್ರಿ ಬಿಳಿ ಅನ್ನ-ಹಾಲು. ರೊಟ್ಟಿ ಮೂಲ್ಯಾಗ ಒಂದು ತುತ್ತು. ಮೆಂತ್ಯಪಲ್ಯ, ಹೆಸರುಕಾಳು, ಹಸೀ ಸವತಿಕಾಯಿ, ಗಜ್ಜರಿ, ಪೇರಲ ಹಣ್ಣು ಇವು ದಿನಾ ಹೊಟ್ಟಿಗೆ ಬೀಳಬೇಕು. ಆದ್ರ ಈಗಾಗ್ಲೆ ಗಟ್ಟಿಯಾಗಿ ಕುಂತದ್ದು ಬರೇ ಪಲ್ಯದಿಂದ ಹೊರಗ ಬರಂಗಿಲ್ಲ, ಔಷಧ ಬೇಕ ಬೇಕು. ಪಾಲಿಎಥಿಲೀನ್ ಗ್ಲೈಕಾಲ್ ಅಂತ ಪುಡಿ ಬರ್ತೈತಿ, ಇಲ್ಲಾ ಲ್ಯಾಕ್ಟುಲೋಸ್ ಸಿರಪ್ಪು. ತೂಕದ ಮ್ಯಾಲೆ ಡೋಸು ನಿಮ್ಮ ಡಾಕ್ಟರು ಬರದುಕೊಡ್ತಾರ, ಮೊದಲು ಕೆಲವು ದಿನ ಜಾಸ್ತಿ ಕೊಟ್ಟು ಹಳೇದು ಪೂರಾ ಖಾಲಿ ಮಾಡ್ಸೂದು, ಆಮ್ಯಾಲೆ ಕಡಿಮಿ ಡೋಸಿನ್ಯಾಗ ಕಮ್ಮಿ ಅಂದ್ರೂ ಎರಡು ತಿಂಗಳು ಮುಂದುವರಸೂದು, ಒಮ್ಮೆಲೆ ನಿಲ್ಲಸದ ಸಾವಕಾಶ ಇಳಸೂದು. ಮನ್ಯಾಗ ತಪ್ಪು ಆಗೂದು ಇಲ್ಲೇನ. ಎರಡು ದಿನ ಸಡಲ ಆದ ಕೂಡ್ಲೆ "ಬೇಧಿ ಹತ್ತಿತು" ಅಂತ ಬಾಟ್ಲಿ ಮ್ಯಾಲಿಡ್ತಾರ, ಹದಿನೈದು ದಿನಕ್ಕ ಮತ್ತ ಕಲ್ಲು. ಚಟ ಬೀಳ್ತೈತಿ ಅಂತ ಹೆದರಬ್ಯಾಡ್ರಿ, ಈ ಔಷಧಗಳು ಮಲದಾಗ ನೀರು ಹಿಡದಿಡ್ತಾವು ಅಷ್ಟ. ಔಡಲೆಣ್ಣಿ ಕುಡಸೂದು ಬ್ಯಾಡ, ಹೊಟ್ಟಿ ಹಿಂಡಿ ನೋವಾಗ್ತೈತಿ, ನೋವಾದ ಕೂಸು ಮರುದಿನ ಸಂಡಾಸ ಅಂದ್ರನ ಓಡಿಹೋಗ್ತೈತಿ.

ಊಟ ಆದ ಮ್ಯಾಲೆ ಕರುಳು ತಾನ ಚುರುಕ ಆಗ್ತೈತಿ, ಅದಕ್ಕ ಉಂಡ ಹತ್ತು-ಹದಿನೈದು ನಿಮಿಷಕ್ಕ, ಬಂತೋ ಇಲ್ಲೋ ನೋಡದ, 5 ನಿಮಿಷ ಕುಂದರಸ್ರಿ. ಬೆಳಿಗ್ಗೆ ರಿಕ್ಷಾದ ಗಡಿಬಿಡಿ ಇದ್ರ ರಾತ್ರಿ ಊಟದ ಮ್ಯಾಲೆ ಕುಂದರಸ್ರಿ, ಅದೂ ನಡೀತೈತಿ. ನಮ್ಮ ಕೆಳಗ ಕುಂದರೋ ಸಂಡಾಸ ಇದಕ್ಕ ಬಹಳ ಚಲೋ. ಮನ್ಯಾಗ ಕಮೋಡ್ ಇದ್ರ ಪಾದ ಗಾಳ್ಯಾಗ ತೂಗಾಡಬಾರದು, ತೂಗಾಡಿದ್ರ ತೊಡಿ ಬಿಗಿ ಆಗ್ತಾವು, ತೊಡಿ ಬಿಗಿ ಆದ್ರ ವಾಲ್ವು ಬಿಗಿ. ಪಾದದ ಕೆಳಗ ಒಂದು ಮಣಿನೋ ಸಣ್ಣ ಸ್ಟೂಲೋ ಇಡ್ರಿ, ಎರಡೂ ಪಾದ ಪೂರಾ ಊರಿರಬೇಕು. ಒಂದಕ್ಕ ಹೋಗೂವಾಗ ಚಡ್ಡಿ ಮೊಣಕಾಲಿಗೆ ಸಿಕ್ಕಿಸಿಕೊಂಡು ಕುಂದರಬಾರದು, ಪೂರಾ ತಗದು ಕಾಲು ಅಗಲ ಮಾಡಿ ಕುಂದರಬೇಕು. ಹುಡುಗ್ಯಾರಿಗೆ ಕಾಲು ಕೂಡ್ಸಿ ಕುಂತ್ರ ಸ್ವಲ್ಪ ಉಚ್ಚಿ ಯೋನಿ ಒಳಗ ನಿಂತು, ಎದ್ದು ಹತ್ತು ಹೆಜ್ಜಿ ಇಟ್ಟ ಮ್ಯಾಲೆ ಚಡ್ಡಿಗೆ ಇಳೀತೈತಿ, ಅದನ್ನೂ ರೋಗ ಅಂತ ಎಷ್ಟೋ ಮಂದಿ ದವಾಖಾನಿ ತಿರಗ್ತಾರ. ಮುಗೀತು ಅಂದ ಮ್ಯಾಲೆ ಎದ್ದು ನಿಂತು 20ರ ತನಾ ಎಣಸಿ ಮತ್ತೊಮ್ಮೆ ಕುಂದರ್ಲಿ, ಉಳದದ್ದು ಬರ್ತೈತಿ. ತಿಣಕಬಾರದು. ಹಾಡು ಗುನುಗಿಕೊಂತ ಕುಂತ್ರ ಉಸರು ಸಡಲ ಆಗ್ತೈತಿ, ಉಸರಿನ ಜೋಡಿ ಕೆಳಗಿಂದೂ.

ಹೊತ್ತಿನ ಮಾತು ಬಹಳ ಮುಖ್ಯ. "ಬಂದೈತೇನು?" ಅಂತ ಕೇಳಬ್ಯಾಡ್ರಿ, ಅಕಿ "ಇಲ್ಲ" ಅಂತನ ಅಂತಾಳ, ಸುಳ್ಳು ಹೇಳಂಗಿಲ್ಲ, ಒಂದು ವರ್ಷ ತಡಕೊಂಡು ಆ ಸೂಚನಾ ಅಕಿಗೆ ಮಂದ ಆಗೇತಿ. ಗಡಿಯಾರ ನೋಡಿ ಎರಡು-ಎರಡೂವರಿ ತಾಸಿಗೊಮ್ಮೆ ಕಳಸ್ರಿ. ಎದ್ದ ಕೂಡ್ಲೆ, ಸಾಲಿಗೆ ಹೊಂಡೂವಾಗ, ಸಣ್ಣ ಬಿಡುವಿನ್ಯಾಗ, ಊಟದ ಬಿಡುವಿನ್ಯಾಗ, ಮನಿಗೆ ಬಂದ ಕೂಡ್ಲೆ, ಸಂಜಿಮುಂದ, ಮಲಗೂವಾಗ, ಏಳು ಸಲ ಆತು ನೋಡ್ರಿ. ನೀರು ದಿನಕ್ಕ ಒಂದರಿಂದ ಒಂದೂವರಿ ಲೀಟರ್ ಹತ್ತಹತ್ರ, ಬ್ಯಾಸಗಿ ಇದ್ರ ಇನ್ನೂ ಸ್ವಲ್ಪ ಜಾಸ್ತಿ, ಅದರಾಗ ಹೆಚ್ಚಿನದು ಸಂಜಿಕಿಂತ ಮೊದಲ ಹೊಟ್ಟಿಗೆ ಹೋಗಬೇಕು. ಮಜ್ಜಿಗಿ, ಎಳನೀರು ನಡೀತೈತಿ. ಚಾ ಮತ್ತ ಕಪ್ಪು ಕೂಲ್‌ಡ್ರಿಂಕು ಬ್ಯಾಡ, ಅವು ಚೀಲ ಕೆಣಕ್ತಾವು.

ಸಾಲ್ಯಾಗಿನ ಎರಡು ಹೊತ್ತು ನಿಮ್ಮ ಕೈಯಾಗ ಇಲ್ಲ, ಟೀಚರ ಕೈಯಾಗ ಐತಿ. ಜಗಳಕ್ಕ ಹೋಗಬ್ಯಾಡ್ರಿ, ನಿಮ್ಮ ಡಾಕ್ಟರ ಕಡೆಯಿಂದ ನಾಕು ಸಾಲಿನ ಚೀಟಿ ಒಯ್ಯಿರಿ, "ಈ ಮಗುವಿಗೆ ಮೂತ್ರಚೀಲದ ಚಿಕಿತ್ಸಾ ನಡದೈತಿ, ಕೇಳಿದಾಗ ಬಿಡಬೇಕು, ಎರಡು ಹೊತ್ತು ನೆನಪು ಮಾಡಬೇಕು" ಅಂತ. ಬೈಯೋ ಟೀಚರ್ರೂ ಚೀಟಿ ನೋಡಿದ ಮ್ಯಾಲೆ ಮೆತ್ತಗ ಆಗ್ತಾರ, ಅವರಿಗೂ ಇದು ಯಾರೂ ಹೇಳಿರಂಗಿಲ್ಲ. ಎಲ್ಲಾರ ಮುಂದ ಹೆಸರು ಕೂಗಿ ಕಳಸೂದು ಬ್ಯಾಡ, ಕಣ್ಸನ್ನಿ ಸಾಕು.

ಇನ್ನ ಎರಡು ಸಲದ ಆಂಟಿಬಯೋಟಿಕ್. ಕೊಡೂಕಿಂತ ಮೊದಲು ಯೂರಿನ್ ಕಲ್ಚರ್, ಅಂದ್ರ ಉಚ್ಚ್ಯಾಗ ಕ್ರಿಮಿ ಬೆಳೀತಾವೇನು ಅಂತ ನೋಡೋ ಪರೀಕ್ಷಾ, ಮಾಡಿಸಿದ್ರೇನು? ನಿಮ್ಮ ಪತ್ರದಾಗ ಅದರ ಮಾತಿಲ್ಲ. ರುಟೀನ್ ರಿಪೋರ್ಟಿನ್ಯಾಗ ಪಸ್ ಸೆಲ್ಸ್ (ಕೀವಿನ ಕಣ) 8-10 ಅಂತ ಕಂಡ ಕೂಡ್ಲೆ ಇನ್ಫೆಕ್ಷನ್ ಅಂತ ತೀರ್ಮಾನ ಮಾಡಾಕ ಬರಂಗಿಲ್ಲ. ಸದಾ ಒದ್ದಿ ಚಡ್ಡ್ಯಾಗ ಇರೋ ಹುಡುಗ್ಯಾರಿಗೆ ಹೊರಗಿನ ಚರ್ಮನ ಕೆಂಪಗಾಗಿ ಉರೀತಿರ್ತೈತಿ, ಆ ಸೆಲ್ಸು ಅಲ್ಲಿಂದನೂ ಉಚ್ಚ್ಯಾಗ ಬರ್ತಾವು. ಮುಂದಿನ ಸಲ ಉರಿ ಅಂದ್ರ ಗುಳಗಿ ಸುರು ಮಾಡೂಕಿಂತ ಮೊದಲು ಸ್ಯಾಂಪಲ್ ಹಿಡೀರಿ. ಬರೇ ನೀರಿಂದ ತೊಳದು, ಮೊದಲಿಂದು ಸ್ವಲ್ಪ ಬಿಟ್ಟು, ನಡುವಿನದನ್ನ ಲ್ಯಾಬಿನವರು ಕೊಡೋ ಸ್ಟೆರೈಲ್ ಡಬ್ಬ್ಯಾಗ ಹಿಡದು ತಾಸಿನೊಳಗ ಮುಟ್ಟಸಬೇಕು, ತಡ ಆದ್ರ ಫ್ರಿಜ್ಜಿನ್ಯಾಗ ಇಡಬೇಕು, ಬಿಸಲಾಗ ಗಾಡಿ ಡಿಕ್ಕ್ಯಾಗ ಇಟ್ಟು ಅಡ್ಡಾಡಿದ್ರ ಕ್ರಿಮಿ ಅಲ್ಲೇ ಬೆಳದು ಸುಳ್ಳು ರಿಪೋರ್ಟ್ ಬರ್ತೈತಿ. ರಿಪೋರ್ಟಿಗೆ ಎರಡು ದಿನ ಹಿಡೀತೈತಿ. ಆದ್ರ ಉರಿಮೂತ್ರದ ಜೋಡಿ ಜ್ವರ, ಚಳಿ, ವಾಂತಿ, ಬೆನ್ನು ನೋವು ಬಂದ್ರ ಎರಡು ದಿನ ಕಾಯಬಾರದು, ಸ್ಯಾಂಪಲ್ ಕೊಟ್ಟು ಅವತ್ತ ಔಷಧ ಸುರು ಆಗಬೇಕು, ಕಿಡ್ನಿಗೆ ಕಲೆ ಬೀಳೂದು ಅಂಥಾ ಇನ್ಫೆಕ್ಷನ್ನಿನಿಂದ. ಸೋಪು, ಆಂಟಿಸೆಪ್ಟಿಕ್ ಹಾಕಿ ತೊಳೆಯೂದು ಬಿಡ್ರಿ, ಅದು ಉರಿ ಹೆಚ್ಚು ಮಾಡ್ತೈತಿ. ಎರಡಕ್ಕ ಹೋದ ಮ್ಯಾಲೆ ಮುಂದಿಂದ ಹಿಂದಕ್ಕ ತೊಳಿಯಾಕ ಕಲಸ್ರಿ. ರಾತ್ರಿ ಹಿಂದ ಕೆರಕೋತಾಳೇನು ನೋಡ್ರಿ, ಸಣ್ಣ ಬಿಳಿ ಹುಳದಿಂದನೂ ಹುಡುಗ್ಯಾರಿಗೆ ಉರಿ ಆಗ್ತೈತಿ.

ಕಿಡ್ನಿ ಕೆಟ್ಟೈತೇನು ಅಂದ್ರಿ. ಜ್ವರ ಬಂದಿಲ್ಲ, ಹುಡುಗಿ ಉಂಡು ಆಡಿಕೊಂಡು ಇದ್ದಾಳ ಅಂದ್ರ ಕೆಟ್ಟಿರೂದು ಕಡಿಮಿ, ಆದ್ರ ನೋಡದ "ಏನೂ ಇಲ್ಲ" ಅನ್ನೂದು ನನ್ನಿಂದ ಆಗಂಗಿಲ್ಲ. ಬಿಪಿ ನೋಡಸ್ರಿ, ಮಕ್ಕಳಿಗೂ ಬಿಪಿ ನೋಡಬೇಕ್ರಿ. ಯೂರಿನ್ ರುಟೀನ್, ಒಂದು ಹೊಟ್ಟಿ ಸ್ಕ್ಯಾನು. ಈ ಸ್ಕ್ಯಾನಿನ್ಯಾಗ ಒಂದು ಮೋಸ ಆಗ್ತೈತಿ, ಅದನ್ನ ತಿಳ್ಕೊಂಡು ಹೋಗ್ರಿ. ಸೆಂಟರಿನ್ಯಾಗ ಒಂದು ಲೀಟರ್ ನೀರು ಕುಡಸಿ "ಫುಲ್ ಆಗ್ಲಿ, ತಡಕೋ" ಅಂತ ತಾಸುಗಟ್ಲೆ ಕುಂದರಸ್ತಾರ. 240 ಮಿಲಿ ಹಿಡಿಯೋ ಚೀಲಕ್ಕ 400 ತುಂಬಿದ್ರ ಯಾವ ಕೂಸೂ ಪೂರಾ ಖಾಲಿ ಮಾಡಂಗಿಲ್ಲ, ರಿಪೋರ್ಟಿನ್ಯಾಗ "ಬಹಳ ಉಳದೈತಿ" ಅಂತ ಬರ್ತೈತಿ, ಮನಿಮಂದಿ ಎಲ್ಲಾ ಹೆದರ್ತಾರ. ದಿನದಂಗ ನೀರು ಕುಡೀಲಿ, ಅಕಿಗೆ ಬಂದಾಗ ಬಿಡ್ಲಿ, ಬಿಟ್ಟು ಐದು ನಿಮಿಷದೊಳಗ ಎಷ್ಟು ಉಳದೈತಿ ನೋಡ್ರಿ ಅಂತ ಹೇಳ್ರಿ. ಈ ವಯಸ್ಸಿಗೆ 20 ಮಿಲಿಗಿಂತ ಜಾಸ್ತಿ ಉಳದ್ರ ನಾವು ಲಕ್ಷ್ಯ ಕೊಡ್ತೀವಿ, ಅದೂ ಒಂದು ಸಲದ್ದು ನಂಬಂಗಿಲ್ಲ, ಎರಡನೇ ಸಲ ನೋಡ್ತೀವಿ. ಇವು ಸರಿ ಇದ್ರ ಟ್ಯೂಬ್ ಹಾಕಿ ಎಕ್ಸ್‌ರೇ ತಗಿಯೋ ಪರೀಕ್ಷಾ ಅಕಿಗೆ ಈಗ ಬ್ಯಾಡ.

ಇವೆಲ್ಲಾಕಿಂತ ಪುಕ್ಕಟೆ ಒಂದು ಪರೀಕ್ಷಾ ನಿಮ್ಮ ಮನ್ಯಾಗನ ಐತಿ. ಶನಿವಾರ ಮಧ್ಯಾಹ್ನದಿಂದ ಸೋಮವಾರ ಬೆಳಿಗ್ಗಿತನಾ ಒಂದು ಅಳತಿ ಜಗ್ಗಿನ್ಯಾಗ ಹಿಡದು, ಎಷ್ಟಕ್ಕ ಹೋದ್ಲು, ಎಷ್ಟು ಮಿಲಿ ಬಂತು, ಯಾವಾಗ ಚಡ್ಡಿ ಒದ್ದಿ ಆತು, ಎಷ್ಟು ನೀರು ಕುಡದ್ಲು ಒಂದು ನೋಟಬುಕ್ಕಿನ್ಯಾಗ ಬರೀರಿ. ಸಂಡಾಸದ್ದು ಎರಡು ವಾರ ಬರೀರಿ, ಯಾವತ್ತು ಹೋದ್ಲು, ಕುರಿ ಹಿಕ್ಕಿಯಂಗ ಇತ್ತೋ, ಬಾಳೆಹಣ್ಣಿನಂಗ ಮೆತ್ತಗ ಇತ್ತೋ. ಆ ನೋಟಬುಕ್ಕು ಕೈಯಾಗ ಹಿಡಕೊಂಡು ಬಂದ ತಾಯಿಗೆ ನಾ ಅರ್ಧ ಉತ್ತರ ಅಲ್ಲೇ ಹೇಳ್ತೀನಿ.

ರಾತ್ರಿದು ಈಗ ಬದಿಗಿಡ್ರಿ. ಹಗಲಿಂದು ಮತ್ತ ಹೊಟ್ಟಿದು ಸರಿ ಆದ್ರ ಎಷ್ಟೋ ಮಕ್ಕಳಿಗೆ ರಾತ್ರಿದು ತಾನ ಕಡಿಮಿ ಆಗ್ತೈತಿ. ಏಳನೇ ವರ್ಷಕ್ಕ ನೂರಕ್ಕ ಐದರಿಂದ ಹತ್ತು ಮಕ್ಕಳು ಹಾಸಿಗಿ ಒದ್ದಿ ಮಾಡ್ತಾವು, 40 ಮಕ್ಕಳ ಕ್ಲಾಸಿನ್ಯಾಗ ಇಬ್ಬರು-ಮೂವರು ಇದ್ದ ಇರ್ತಾರ, ಯಾರೂ ಹೊರಗ ಹೇಳಂಗಿಲ್ಲ ಅಷ್ಟ. ಪ್ರತಿ ವರ್ಷ ಅವರೊಳಗ ನೂರಕ್ಕ 15 ಮಂದಿಗೆ ತಾನ ನಿಲ್ತೈತಿ. ಇದು ಮನೆತನದಾಗ ಬರೂದು, ಅಪ್ಪ-ಅವ್ವ ಒಬ್ಬರಿಗೆ ಸಣ್ಣವರಿದ್ದಾಗ ಇದ್ರ ಮಗುವಿಗೆ ಬರೂ ಸಂಭವ ನೂರಕ್ಕ 44, ಇಬ್ಬರಿಗೂ ಇದ್ರ 77. ನಿಮ್ಮ ಅತ್ತಿಯವರನ್ನ ಸಾವಕಾಶ ಕೇಳಿ ನೋಡ್ರಿ, ಅವರ ಮಗ ಎಷ್ಟು ವರ್ಷದತನಾ ಹಾಸಿಗಿ ಒದ್ದಿ ಮಾಡ್ತಿದ್ದ ಅಂತ. ನಡುರಾತ್ರಿ ಎಬ್ಬಿಸಿ ನಿದ್ದಿಗಣ್ಣಾಗ ಕುಂದರಸಿದ್ರ ಆ ರಾತ್ರಿ ಹಾಸಿಗಿ ಉಳೀತೈತಿ, ಚೀಲಕ್ಕ ಏನೂ ಕಲಿಸಿದಂಗ ಆಗಂಗಿಲ್ಲ. ಎಳ್ಳು-ಬೆಲ್ಲ ತಿನಸ್ತಾರಲ್ಲ, ತಿನಸ್ರಿ, ಚಲೋ ಆಹಾರ, ಆದ್ರ ಅದು ಇದಕ್ಕ ಔಷಧ ಅಲ್ಲ. ಹಗಲಿಂದು ಸರಿಯಾದ ಮ್ಯಾಲೂ ರಾತ್ರಿದು ಉಳದ್ರ ಒದ್ದಿ ಆದ ಕೂಡ್ಲೆ ಗಂಟಿ ಹೊಡಿಯೋ ಅಲಾರ್ಮ್ ಐತಿ, ರಾತ್ರಿ ಉಚ್ಚಿ ಕಡಿಮಿ ಮಾಡೋ ಡೆಸ್ಮೊಪ್ರೆಸ್ಸಿನ್ ಅನ್ನೋ ಗುಳಗಿ ಐತಿ. ಆ ಗುಳಗಿ ತಗೊಂಡ ರಾತ್ರಿ ನೀರು ಕುಡಿಯೂದಕ್ಕ ಕಟ್ಟುನಿಟ್ಟು ಬೇಕು, ಇಲ್ಲಂದ್ರ ರಕ್ತದಾಗ ಸೋಡಿಯಂ ಇಳದು ಫಿಟ್ಸ್ ಬರಬಹುದು, ಅದಕ್ಕ ಮೆಡಿಕಲ್ ಅಂಗಡ್ಯಾಗ ಕೇಳಿ ತಗೊಳ್ಳೂದಲ್ಲ.

ಚುಟಿಗಿ ಮಾತು. ಇದನ್ನ ಕೈ ಮುಗದು ಹೇಳ್ತೀನಿ, ಹಾಕಸಬ್ಯಾಡ್ರಿ. ಹೊಟ್ಟಿ ಮ್ಯಾಲೆ, ಕಿಬ್ಬೊಟ್ಟಿ ಮ್ಯಾಲೆ ಸುಟ್ಟ ಗಾಯ ಕೀವು ತುಂಬಿ ಬಂದ ಮಕ್ಕಳನ್ನ ನಾ ನೋಡೇನಿ, ಆ ಗಾಯಕ್ಕ ಡ್ರೆಸಿಂಗ್ ಮಾಡೂವಾಗ ಆ ಕೂಸು ಅವ್ವನ ಮುಖ ನೋಡೂದು ನೋಡೇನಿ. ಸುಟ್ಟ ಮ್ಯಾಲೆ ಸ್ವಲ್ಪ ದಿನ ನಿಂತಂಗ ಕಾಣಬಹುದು, ಅದು ಹೆದರಿಕಿಯಿಂದ ಇನ್ನೂ ಜಾಸ್ತಿ ತಡಕೊಂಡದ್ದು, ಒಳಗಿನ ರೋಗ ಅದರಿಂದ ಹೆಚ್ಚಾಗ್ತೈತಿ. ಅತ್ತಿಯವರಿಗೆ ಈ ಉತ್ತರ ಓದಿ ಹೇಳ್ರಿ, ಅವರೂ ಮೊಮ್ಮಗಳ ಮ್ಯಾಲಿನ ಕಾಳಜಿಗೆ ಹೇಳ್ಯಾರ. ಮತ್ತ ನೀವು ಹೊಡದದ್ದು, ಅದನ್ನ ಮುಚ್ಚಿಡದ ಬರದೀರಿ, ಇವತ್ತು ರಾತ್ರಿ ಅಕಿ ಮುಂದ ಕುಂತು "ನಿಂದು ತಪ್ಪಿಲ್ಲ, ನನಗ ಗೊತ್ತಿರಲಿಲ್ಲ" ಅಂತ ಒಂದು ಮಾತು ಹೇಳ್ರಿ. ಆ ಮಾತು ಕೇಳಿದ ಮ್ಯಾಲೆನ ಮಕ್ಕಳು ಸಾಲಿ ಸಂಡಾಸದ ವಿಷಯ ಬಾಯಿಬಿಡ್ತಾವು.

ಕೆಲವು ಮಕ್ಕಳೊಳಗ ಇದು ಬರೇ ತಡಕೊಳ್ಳೋ ರೂಢಿ ಇರಂಗಿಲ್ಲ, ಇದನ್ನ ಓದೋ ಬ್ಯಾರೆ ಅಪ್ಪ-ಅವ್ವಗಳಿಗೂ ಹೇಳ್ತೀನಿ. ಒಣಗಿ ಮಲಗ್ತಿದ್ದ ಕೂಸು ಒಮ್ಮೆಲೆ ಹಾಸಿಗಿ ಒದ್ದಿ ಮಾಡಾಕತ್ತಿ, ತಂಬಿಗಿಗಟ್ಲೆ ನೀರು ಕುಡದು, ತೂಕ ಇಳದ್ರ ಅವತ್ತ ಸಕ್ಕರಿ ನೋಡಸ್ರಿ, ನಾಳೆ ಅಂತ ಬಿಡಬ್ಯಾಡ್ರಿ, ಮಕ್ಕಳ ಡಯಾಬಿಟೀಸ್ ಕೆಲವು ದಿನದಾಗನ ಪ್ರಾಣಕ್ಕ ಬರ್ತೈತಿ. ಗಂಡುಮಕ್ಕಳಿಗೆ ಉಚ್ಚಿ ದಾರದಂಗ ಸಣ್ಣಗ, ತಿಣಕಿ ತಿಣಕಿ ಬಂದ್ರ ಒಳಗ ಹುಟ್ಟಿನಿಂದ ಅಡ್ಡ ಪರದಿ ಇರಬಹುದು, ಅದಕ್ಕ ತಡ ಮಾಡಿದ್ರ ಖರೇನ ಕಿಡ್ನಿ ಹೋಗ್ತಾವು. ಸರಿಯಾಗಿ ಒಂದಕ್ಕ ಹೋಗಿ ಬಂದ್ರೂ ಹುಡುಗಿಗೆ ಹಗಲು-ರಾತ್ರಿ ಹನಿ ಹನಿ ತೊಟ್ಟಿಕ್ಕೂದು ನಿಲ್ಲದಿದ್ರ ಕಿಡ್ನಿಯಿಂದ ಬರೋ ನಾಳ ಚೀಲಕ್ಕ ಸೇರದ ಬ್ಯಾರೆ ಕಡೆ ಸೇರಿರಬಹುದು, ಅದು ಆಪರೇಷನ್ನಿನಿಂದ ಪೂರಾ ವಾಸಿ ಆಗ್ತೈತಿ. ನಡಾ ಕೆಳಗ ಬೆನ್ನಿನ ಮ್ಯಾಲೆ ಕೂದಲ ಗೊಂಚಲು, ಕುಳಿ, ಗಂಟು ಇದ್ರ, ನಡಿಗಿ ಬದಲಾದ್ರ ನರದ ತೊಂದ್ರಿ ನೋಡಬೇಕು, ನಿಮ್ಮ ಮಗಳ ಬೆನ್ನೂ ಇವತ್ತು ಜಳಕ ಮಾಡಸೂವಾಗ ಒಮ್ಮೆ ನೋಡ್ರಿ. ಇನ್ನೊಂದು ಹೇಳಾಕ ಕಷ್ಟ ಆದ್ರೂ ಹೇಳಬೇಕು. ಒಮ್ಮೆಲೆ ಸುರು ಆದ ತೊಂದ್ರಿ ಜೋಡಿ ಕೂಸು ಯಾರನ್ನರ ಕಂಡ್ರ ಹೆದರಿದ್ರ, ಕೆಳಗ ನೋವು ಅಂದ್ರ, ಯಾರರ ಮುಟ್ಟ್ಯಾರೇನು ಅಂತ ಪ್ರೀತಿಯಿಂದ ಕೇಳ್ರಿ, ಸಂಶಯ ಬಂದ್ರ 1098ಕ್ಕ ಫೋನ್ ಹಚ್ಚಿರಿ, ಮಕ್ಕಳ ಸಹಾಯವಾಣಿ ಅದು, ದುಡ್ಡು ಬೀಳಂಗಿಲ್ಲ.

ಚೀಲ ಶಾಂತ ಮಾಡೋ ಆಕ್ಸಿಬ್ಯೂಟಿನಿನ್ ಅಂಥಾ ಗುಳಗಿ ಕೊಡಬಹುದಲ್ಲ ಅಂತ ನಿಮ್ಮ ಕಡೆ ಯಾರರ ಹೇಳಬಹುದು. ಐತಿ, ನಾನೂ ಬರೀತೀನಿ, ಆದ್ರ ಮೊದಲನೇ ದಿನ ಅಲ್ಲ. ಅದು ಬಾಯಿ ಒಣಗಸ್ತೈತಿ, ಮಲ ಕಟ್ಟಸ್ತೈತಿ, ಬೆವರು ಕಡಿಮಿ ಮಾಡ್ತೈತಿ. ಗದಗಿನ ಏಪ್ರಿಲ್ ಬಿಸಲಾಗ ಬೆವರದ ಕೂಸು ಆಟ ಆಡಿದ್ರ ಮೈ ಕಾಯ್ತೈತಿ. ಅರ್ಧಮರ್ಧ ಖಾಲಿ ಮಾಡೋ ಚೀಲಕ್ಕ ಅದನ್ನ ಕೊಟ್ರ ಇನ್ನೂ ಜಾಸ್ತಿ ಉಳೀತೈತಿ. ಹೊಟ್ಟಿ ಸರಿಯಾಗಿ, ಹೊತ್ತಿಗೆ ಸರಿಯಾಗಿ ಹೋಗಿ ಎರಡು-ಮೂರು ತಿಂಗಳಾದ ಮ್ಯಾಲೂ ಓಡಿ ಓಡಿ ಹೋಗೂದು ನಿಲ್ಲದಿದ್ರ ಆವಾಗ ವಿಚಾರ ಮಾಡೂಣು. ನಿಮಗ ಗದಗ ಸರಕಾರಿ ಮೆಡಿಕಲ್ ಕಾಲೇಜ ದವಾಖಾನಿ ಜಿಮ್ಸ್‌ನ್ಯಾಗ ಮಕ್ಕಳ ವಿಭಾಗ ಐತಿ, ಅಲ್ಲೇ ತೋರಸ್ರಿ, ಮಕ್ಕಳ ಸರ್ಜನ್ ಬೇಕು ಅಂದ್ರ ಅವರ ಹುಬ್ಬಳ್ಳಿಗೆ ಕಳಸ್ತಾರ. ಎರಡು ವಾರಕ್ಕ ವಾಸಿ ಆಗೂದಲ್ಲ ಇದು, ಒಂದು ವರ್ಷದ ರೂಢಿ ಬಿಡಸಾಕ ನಾಕಾರು ತಿಂಗಳು ಹಿಡೀತಾವು, ನಡುವ ಪರೀಕ್ಷಾ, ಜಾತ್ರಿ, ಲಗ್ನ ಬಂದ್ರ ಮತ್ತ ನಾಕು ದಿನ ಒದ್ದಿ ಆಗ್ತೈತಿ, ಆವಾಗ ಕೈ ಬಿಡಬ್ಯಾಡ್ರಿ.

ಟ್ರಿಪ್ಪಿಗೆ ಕಳಸ್ರಿ. ಖಂಡಿತ ಕಳಸ್ರಿ, ಎಲ್ಲಾ ಗೆಳತ್ಯಾರು ಹೋಗಿ ಅಕಿ ಒಬ್ಬಾಕಿ ಮನ್ಯಾಗ ಕುಂತ್ರ ಅದು ಅಕಿಗೆ ಶಿಕ್ಷಾನ. ಬಸ್ಸು ಹತ್ತೂವಾಗ ಒಮ್ಮೆ ಹೋಗ್ಲಿ, ಬಾದಾಮ್ಯಾಗ ಇಳದ ಕೂಡ್ಲೆ ಒಮ್ಮೆ, ಮೇಣಬಸದಿ (ಗುಹೆ ಗುಡಿಗಳ) ಮೆಟ್ಲ ಹತ್ತೂಕಿಂತ ಮೊದಲ, ಮ್ಯಾಲೆ ಹತ್ತಿದ ಮ್ಯಾಲೆ ಹೋಗಾಕ ಜಾಗಾ ಸಿಗಂಗಿಲ್ಲ. ಊಟದ ಹೊತ್ತಿಗೊಮ್ಮೆ, ಪಟ್ಟದಕಲ್ಲಿನ್ಯಾಗೊಮ್ಮೆ, ವಾಪಸ್ ಬಸ್ಸು ಹತ್ತೂವಾಗೊಮ್ಮೆ. ಟೀಚರಿಗೆ ಚೀಟಿ ಕೊಟ್ಟಿರ್ರಿ. ಬ್ಯಾಗಿನ ಒಳಖಾನ್ಯಾಗ ಎರಡು ಚಡ್ಡಿ, ಒಂದು ಲಂಗ, ಒದ್ದಿದು ಹಾಕಾಕ ಒಂದು ಕಪ್ಪು ಚೀಲ ಇಡ್ರಿ, ಅದು ಎಲ್ಲೈತಿ ಅಂತ ಅಕಿಗೆ ಒಬ್ಬಾಕಿಗೆ ತೋರಸ್ರಿ. ಬಾಟ್ಲಿ ತುಂಬಿಸಿ ಕೊಡ್ರಿ, ಸಂಜಿಕ ಬಂದಾಗ ಎಷ್ಟು ಖಾಲಿ ಆಗೇತಿ ನೋಡಿ ಆ ನೋಟಬುಕ್ಕಿನ್ಯಾಗ ಬರೀರಿ.